ಎಕೋ ಕೊಠಡಿಯಲ್ಲಿ ಒಂದು ಸೋಮವಾರ

ಸೋಮವಾರ ಓಪಿಡಿ ಚೀಟಿ ಕೊಡಲು ಶುರುವಾಗುವ ಹೊತ್ತಿಗೆ ಎಕೋ (ಶಬ್ದತರಂಗಗಳಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆ) ಕೊಠಡಿಯ ಮೇಜಿನ ಮೇಲೆ ರಿಕ್ವೆಸ್ಟ್ ಫಾರಂಗಳ ಕಟ್ಟು ಬಂದು ಬಿದ್ದಿರುತ್ತದೆ. ವಾರಾಂತ್ಯದಲ್ಲಿ ದಾಖಲಾದ ಎದೆನೋವಿನವರು, ಹರ್ನಿಯಾ ಆಪರೇಷನ್ನಿಗೆ ಫಿಟ್‌ನೆಸ್ ಬೇಕಾದವರು, ಏದುಸಿರು ಬಿಡುವ ಬಸುರಿಯರು, ಕೀಮೋ ಶುರು ಮಾಡುವ ಮುಂಚೆ ಹೃದಯ ನೋಡಿಸಬೇಕಾದವರು, ಎಲ್ಲ ಒಂದೇ ಕಟ್ಟಿನಲ್ಲಿ. ಅದನ್ನು ವಿಂಗಡಿಸುವುದು ಸೀನಿಯರ್ ಟೆಕ್ನಿಷಿಯನ್ ಕೆಲಸ. ಜೂನಿಯರ್ ಕೈಗೆ ಬಿಟ್ಟರೆ ಬಂದ ಸರದಿಯಲ್ಲೇ ಕರೆಯುತ್ತಾರೆ. ಹಾರ್ಟ್ ಅಟ್ಯಾಕ್ ಆಗಿ ಎರಡು-ಮೂರು ದಿನದ ಮೇಲೆ ದಿಢೀರನೆ ಬಿಪಿ ಬಿದ್ದು, ಹೊಸದಾಗಿ ಮರ್ಮರ್ (ಹೃದಯದಲ್ಲಿ ಹೆಚ್ಚುವರಿ ಸದ್ದು) ಕೇಳಿಸಿದವರು ಎಲ್ಲರಿಗಿಂತ ಮೊದಲು. ಕುಕ್ಷಿಗಳ (ಹೃದಯದ ಕೆಳಕೋಣೆಗಳ) ನಡುವಿನ ಗೋಡೆ ತೂತಾಗಿರಬಹುದು, ಇಲ್ಲವೇ ಎಡಭಾಗದ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟವನ್ನು ಹಿಡಿದಿರುವ ಸ್ನಾಯು ಹರಿದಿರಬಹುದು. ಅಂಥವರನ್ನು ಟ್ರಾಲಿಯಲ್ಲಿ ಕರೆಸುವುದೇ ತಪ್ಪು, ಪೋರ್ಟಬಲ್ ಮಷೀನೇ ಐಸಿಯುಗೆ ಹೋಗಬೇಕು.

ಅರ್ಧಕ್ಕರ್ಧ ಫಾರಂಗಳಲ್ಲಿ '2ಡಿ ಎಕೋ' ಅಂತಷ್ಟೇ ಬರೆದಿರುತ್ತದೆ. ಏಕೆ ಎಂಬುದಿಲ್ಲ. ಪ್ರಶ್ನೆಯೇ ಇಲ್ಲದ ಫಾರಂಗೆ ಬರುವ ಉತ್ತರವೂ ಸಪ್ಪೆಯೇ. ಒಂದು ಫೋನ್ ಮಾಡಿ ಡ್ಯೂಟಿ ಡಾಕ್ಟರನ್ನು ಕೇಳಿಬಿಡುವುದು ವಾಸಿ. ಎತ್ತರ, ತೂಕ, ಬಿಪಿ ಮೂರನ್ನೂ ನರ್ಸ್ ಕೈಯಲ್ಲಿ ಬರೆಸಿಕೊಂಡೇ ರೋಗಿಯನ್ನು ಒಳಗೆ ಬಿಡಬೇಕು. ಬಿಪಿ 180 ಇದ್ದಾಗ ಕಂಡ ಮೈಟ್ರಲ್ ಸೋರಿಕೆ 120ಕ್ಕೆ ಇಳಿದಾಗ ಅಷ್ಟೇ ಇರುವುದಿಲ್ಲ. ಇನ್ನೊಂದು ಗೋಳು ಉಪವಾಸದ್ದು. ಸ್ಕ್ಯಾನಿಂಗ್ ಎಂದ ಕೂಡಲೇ ಸಕ್ಕರೆ ಕಾಯಿಲೆಯವರೂ ಬರೀ ಹೊಟ್ಟೆಯಲ್ಲಿ ಬಂದು, ಹನ್ನೊಂದು ಗಂಟೆಗೆ ಬೆವರಿ ಬೆಂಚಿನ ಮೇಲೆ ಒರಗುತ್ತಾರೆ. ಎದೆಯ ಮೇಲಿನಿಂದ ಮಾಡುವ ಎಕೋಗೆ ತಿಂಡಿ ತಿಂದೇ ಬರಬಹುದು. ಗಂಟಲೊಳಗೆ ಕೊಳವೆ ಇಳಿಸುವ ಟಿಇಇಗೆ ಮಾತ್ರ ಆರು ಗಂಟೆ ಹೊಟ್ಟೆ ಖಾಲಿ ಇರಬೇಕು. ಇದನ್ನು ದೊಡ್ಡಕ್ಷರದಲ್ಲಿ ಬಾಗಿಲಿಗೆ ಅಂಟಿಸಿದರೆ ಬೆಂಚಿನವರಿಗೆ ಎಷ್ಟೋ ಉಪಕಾರ.

ಮಂಚದ ಮೇಲಿನ ಮೊದಲ ಎರಡು ನಿಮಿಷ ಉಳಿಸಲು ಹೋದರೆ ಆಮೇಲೆ ಹತ್ತು ನಿಮಿಷ ಹೋಗುತ್ತದೆ. "ಅಮ್ಮಾ, ಎಡಮಗ್ಗುಲಾಗಿ ನನ್ನ ಕಡೆ ತಿರುಗಿ, ಎಡಗೈ ತಲೆ ಕೆಳಗೆ ಇಟ್ಕೊಳ್ಳಿ." ಹಾಗೆ ತಿರುಗಿದರೆ ಹೃದಯ ಎದೆಗೂಡಿಗೆ ಹತ್ತಿರ ಜಾರುತ್ತದೆ, ಕೈ ಮೇಲೆತ್ತಿದರೆ ಪಕ್ಕೆಲುಬುಗಳ ನಡುವಿನ ಸಂದು ಅಗಲವಾಗುತ್ತದೆ. ಮಂಡಿನೋವಿನ ಅಜ್ಜಿಯರಿಗೆ ಬೆನ್ನ ಹಿಂದೆ ದಿಂಬು ಒತ್ತರಿಸಬೇಕು, ಇಲ್ಲದಿದ್ದರೆ ಅರ್ಧಕ್ಕೇ ಅಂಗಾತ ಹೊರಳುತ್ತಾರೆ. ಪರದೆ ಎಳೆದು, ಮಹಿಳಾ ಸಿಬ್ಬಂದಿ ನಿಂತು, ಸೆರಗಿನ ಮೇಲೊಂದು ಟವೆಲ್ ಹೊದಿಸಿದರೆ ಹೆಂಗಸರ ಬಿಗಿತ ಕಡಿಮೆಯಾಗುತ್ತದೆ. ಬಿಗಿಹಿಡಿದ ಮೈಯಲ್ಲಿ ಉಸಿರೂ ಬಿಗಿ, ಚಿತ್ರವೂ ಕೆಟ್ಟದು. ಇಸಿಜಿಯ ಮೂರು ಲೀಡ್ ಹಾಕಲೇಬೇಕು. ಲೀಡ್ ಇಲ್ಲದೆ ಹೃದಯ ಪೂರ್ತಿ ಹಿಗ್ಗಿದ ಫ್ರೇಮ್ ಯಾವುದು ಎಂದು ಕಣ್ಣಂದಾಜಿನಲ್ಲಿ ಹಿಡಿಯುವವರ ಇಎಫ್ (ಪ್ರತಿ ಬಡಿತಕ್ಕೆ ಎಡ ಕುಕ್ಷಿ ಹೊರದೂಡುವ ರಕ್ತದ ಶೇಕಡಾ ಪಾಲು) ದಿನಕ್ಕೊಂದು ಥರ ಬರುತ್ತದೆ.

ಇಎಫ್ ಸುಳ್ಳಾಗುವ ಇನ್ನೂ ಎರಡು ದಾರಿಗಳಿವೆ. ಒಂದು, ಎಂ-ಮೋಡ್. ಅದು ಹೃದಯದ ಬುಡದಲ್ಲಿ ಎಳೆದ ಒಂದೇ ಗೆರೆ. ಎಲ್‌ಎಡಿ (ಹೃದಯದ ಮುಂಭಾಗಕ್ಕೆ, ತುದಿಗೆ ರಕ್ತ ಒಯ್ಯುವ) ರಕ್ತನಾಳ ಮುಚ್ಚಿ ತುದಿಭಾಗ ಪೂರ್ತಿ ನಿಂತುಹೋಗಿದ್ದರೂ ಬುಡ ಚೆನ್ನಾಗಿ ಕುಣಿಯುತ್ತಿದ್ದರೆ ಮಷೀನ್ 60 ಎನ್ನುತ್ತದೆ. ಅಟ್ಯಾಕ್ ಆದವರಲ್ಲಿ ಎರಡು ನೋಟಗಳಿಂದ ಹೊರಗೆರೆ ಎಳೆಯುವ ಬೈಪ್ಲೇನ್ ಸಿಂಪ್ಸನ್ ಬಿಟ್ಟು ಬೇರೆ ಸಂಖ್ಯೆ ಬರೆಯಬಾರದು. ಎರಡನೆಯದು, ತುದಿ ಕತ್ತರಿಸಿಹೋಗುವುದು. ಎದೆಗೆ ಹಿಡಿಯುವ ಪ್ರೋಬ್ ನಿಜವಾದ ತುದಿಗಿಂತ ಒಂದು ಸಂದು ಮೇಲಿದ್ದರೆ ಎಡ ಕುಕ್ಷಿ ಮೊಟಕಾಗಿ, ದುಂಡಗೆ ಕಾಣುತ್ತದೆ. ಸುಳ್ಳು ತುದಿ ಒಳಗೊಳಗೆ ಬಲವಾಗಿ ಕುಗ್ಗುತ್ತದೆ. ನಿಜವಾದ ತುದಿ ಅಷ್ಟು ಅಲುಗುವುದೇ ಇಲ್ಲ, ಗೋಡೆಯೂ ಅಲ್ಲಿ ತೆಳುವು. ಅನುಮಾನ ಬಂದರೆ ಒಂದು ಸಂದು ಕೆಳಗೆ, ಇನ್ನಷ್ಟು ಪಕ್ಕಕ್ಕೆ ಸರಿಸಿ, ಉಸಿರು ಪೂರ್ತಿ ಹೊರಗೆ ಬಿಡಿಸಿ ನೋಡಬೇಕು. ತುದಿಯಲ್ಲಿ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ಇದೆಯೇ ಎಂಬುದೂ ಇಲ್ಲೇ ತೀರ್ಮಾನವಾಗುತ್ತದೆ. ಡೆಪ್ತ್ ಕಡಿಮೆ ಮಾಡಿ, ಫೋಕಸ್ ಮೇಲಕ್ಕೆ ತಂದು, ಕಲರ್ ಸ್ಕೇಲ್ (ರಕ್ತದ ಹರಿವನ್ನು ತೋರಿಸುವ ಬಣ್ಣದ ವೇಗಮಿತಿ) ಇಳಿಸಿ ನೋಡಿ. ಕ್ಲಾಟ್ ಆದರೆ ಕನಿಷ್ಠ ಎರಡು ನೋಟಗಳಲ್ಲಿ, ನಿಂತುಹೋದ ಗೋಡೆಗೆ ಅಂಟಿಕೊಂಡೇ ಕಾಣಬೇಕು.

ನಮ್ಮ ಸರ್ಕಾರಿ ಆಸ್ಪತ್ರೆಗಳ ಎಕೋ ಕೊಠಡಿಗೆ ನಿಜವಾದ ಪರೀಕ್ಷೆ ಮೈಟ್ರಲ್ ಸ್ಟೆನೋಸಿಸ್, ಅಂದರೆ ಮೈಟ್ರಲ್ ಕವಾಟದ ಬಾಯಿ ಕಿರಿದಾಗುವುದು. ಚಿಕ್ಕಂದಿನ ಗಂಟಲುನೋವು, ಕೀಲುಜ್ವರ, ಆಮೇಲೆ ಇಪ್ಪತ್ತು-ಮೂವತ್ತರ ವಯಸ್ಸಿಗೆ ಕಿರಿದಾದ ಕವಾಟ. ಎಷ್ಟೋ ಹೆಂಗಸರಲ್ಲಿ ಬಸುರಿಯಾದಾಗಲೇ ಅದು ಬಯಲಿಗೆ ಬರುವುದು. ಎಕೋ ಹುಟ್ಟಿದ್ದೂ ಈ ಕವಾಟಕ್ಕಾಗಿಯೇ ಎನ್ನಬಹುದು. 1953ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಹೆಲ್ಮುತ್ ಹರ್ಟ್ಸ್ ಲೋಹದ ಬಿರುಕು ಹುಡುಕುವ ಯಂತ್ರವನ್ನು ಎರವಲು ತಂದು ಹೃದಯಕ್ಕೆ ಹಿಡಿದರು. ಎಡ್ಲರ್‌ಗೆ ಬೇಕಿದ್ದದ್ದು ಆಪರೇಷನ್ನಿಗೆ ಮೊದಲು ಮೈಟ್ರಲ್ ಕವಾಟದ ಸ್ಥಿತಿ.

ಈಗ ನಮಗೆ ಬೇಕಾದದ್ದು ಕವಾಟದ ಬಾಯಿಯ ಅಳತೆ. 1.5 ಚದರ ಸೆಂ.ಮೀ. ಅಥವಾ ಅದಕ್ಕಿಂತ ಕಡಿಮೆ ಇದ್ದರೆ ತೀವ್ರ. ಶಾರ್ಟ್ ಆಕ್ಸಿಸ್‌ನಲ್ಲಿ (ಹೃದಯವನ್ನು ಅಡ್ಡಕ್ಕೆ ಸೀಳಿದಂತೆ ಕಾಣುವ ನೋಟದಲ್ಲಿ) ಬಾಯಿಯ ಸುತ್ತ ಗೆರೆ ಎಳೆದು ಅಳೆಯುವುದು ಎಲ್ಲಕ್ಕಿಂತ ನಂಬಿಕೆಯ ವಿಧಾನ, ಎಡವುವುದೂ ಅಲ್ಲೇ. ಮೀನಿನ ಬಾಯಿಯಂತೆ ತೆರೆಯುವ ಕವಾಟದ ತುದಿಯನ್ನೇ ಕತ್ತರಿಸಬೇಕು. ಬುಡದ ಕಡೆ ಕತ್ತರಿಸಿದರೆ 0.9 ಇದ್ದದ್ದು 1.4 ಆಗಿಬಿಡುತ್ತದೆ. ಕುಕ್ಷಿಯ ತುದಿಯಿಂದ ನಿಧಾನವಾಗಿ ಮೇಲಕ್ಕೆ ವಾಲಿಸುತ್ತ ಬಂದು, ಮೊದಲು ಸಿಗುವ ಅತಿ ಚಿಕ್ಕ ಬಾಯಿಯಲ್ಲಿ ನಿಲ್ಲಿಸಿ. ಗೇನ್ (ಚಿತ್ರದ ಹೊಳಪು) ಜಾಸ್ತಿಯಾದರೆ ಅಂಚು ಊದಿ ಬಾಯಿ ಇನ್ನೂ ಚಿಕ್ಕದಾಗಿ ಕಾಣುತ್ತದೆ. ಎರಡನೆಯ ಸಾಕ್ಷಿ ಪ್ರೆಷರ್ ಹಾಫ್ ಟೈಮ್ (ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ ಅರ್ಧಕ್ಕಿಳಿಯುವ ಸಮಯ), 220ನ್ನು ಅದರಿಂದ ಭಾಗಿಸಿದರೆ ಬಾಯಿಯ ಅಳತೆ. 275 ಮಿಲಿಸೆಕೆಂಡ್ ಬಂದರೆ 0.8. ರಕ್ತದ ವೇಗ ತೋರಿಸುವ ಡಾಪ್ಲರ್ ಗೆರೆಯ ಇಳಿಜಾರು ಎರಡು ಥರ ಇದ್ದರೆ ಮೊದಲಿನ ಕಡಿದಾದ ತುಂಡನ್ನು ಬಿಟ್ಟು ಮಧ್ಯದ ಉದ್ದನೆಯ ಇಳಿಜಾರನ್ನು ಹಿಡಿಯಬೇಕು. ಮಹಾಧಮನಿಯ ಬಾಯಲ್ಲಿರುವ ಅಯೋರ್ಟಿಕ್ ಕವಾಟ ಜೋರಾಗಿ ಸೋರುತ್ತಿದ್ದರೆ, ಬಲೂನ್ ಮಾಡಿ (ಕಿರಿದಾದ ಕವಾಟವನ್ನು ಬಲೂನಿನಿಂದ ಹಿಗ್ಗಿಸಿ) ಒಂದೆರಡು ದಿನವೂ ಆಗಿಲ್ಲದಿದ್ದರೆ ಈ ಲೆಕ್ಕವನ್ನು ನಂಬಬೇಡಿ. ಗ್ರೇಡಿಯೆಂಟ್ (ಕವಾಟದ ಎರಡು ಬದಿಯ ಒತ್ತಡದ ವ್ಯತ್ಯಾಸ) ಬರೆದಲ್ಲಿ ಪಕ್ಕದಲ್ಲೇ ಹಾರ್ಟ್ ರೇಟ್ ಬರೆಯಿರಿ. ಬಸುರಿಯ ನಾಡಿ 115 ಇದ್ದಾಗ ಬಂದ ಗ್ರೇಡಿಯೆಂಟ್ 75 ಇದ್ದಾಗ ಇಳಿದಿರುತ್ತದೆ, ಕವಾಟ ಮಾತ್ರ ಅದೇ. ಎಫಿಬ್ (ಹೃದಯಬಡಿತ ಅಡ್ಡಾದಿಡ್ಡಿಯಾಗುವ ಕಾಯಿಲೆ) ಇದ್ದವರಲ್ಲಿ ಕನಿಷ್ಠ ಐದು ಬಡಿತಗಳ ಸರಾಸರಿ. ಚೆನ್ನಾಗಿ ಬಂದ ಒಂದನ್ನು ಆರಿಸಿಕೊಳ್ಳುವುದು ಮೋಸ.

ಬಲೂನಿಗೆ ಬೆಂಗಳೂರು, ಮೈಸೂರು ಅಥವಾ ಕಲಬುರಗಿಯ ಜಯದೇವಕ್ಕೆ ಬರೆದುಕೊಡುವಾಗ ವಿಲ್ಕಿನ್ಸ್ ಸ್ಕೋರ್ ಜೊತೆಗಿರಬೇಕು. ಕವಾಟದ ದಪ್ಪ, ಚಲನೆ, ಕ್ಯಾಲ್ಸಿಯಂ, ಕೆಳಗಿನ ತಂತುಗಳ ಸ್ಥಿತಿ, ತಲಾ 1ರಿಂದ 4 ಅಂಕ. ಒಟ್ಟು 8ರ ಒಳಗಿದ್ದರೆ ಬಲೂನಿಗೆ ಒಳ್ಳೆಯ ಕವಾಟ. ಆದರೆ ಅಂಕ ಎಷ್ಟೇ ಚೆನ್ನಾಗಿರಲಿ, ಎಡ ಕರ್ಣದಲ್ಲಿ (ಹೃದಯದ ಎಡ ಮೇಲ್ಕೋಣೆಯಲ್ಲಿ) ಕ್ಲಾಟ್ ಇದ್ದರೆ ಸದ್ಯಕ್ಕೆ ಬಲೂನ್ ಇಲ್ಲ. ಕರ್ಣದ ಕಿವಿಯಂಥ ಮೂಲೆಯಲ್ಲಿ ಕುಳಿತ ಕ್ಲಾಟ್ ಎದೆಯ ಮೇಲಿನಿಂದ ಕಾಣುವುದು ಅಪರೂಪ. ಆದ್ದರಿಂದ 'ಕ್ಲಾಟ್ ಇಲ್ಲ' ಎನ್ನುವುದಕ್ಕಿಂತ 'ಕಂಡಿಲ್ಲ, ಟಿಇಇ ಬೇಕು' ಎಂದು ಬರೆಯುವುದೇ ಸರಿ.

ಡಾಪ್ಲರ್‌ನಲ್ಲಿ ಕೋನ ತಪ್ಪಿದರೆ ತಪ್ಪು ಯಾವಾಗಲೂ ಒಂದೇ ಕಡೆಗೆ, ರೋಗ ಇರುವುದಕ್ಕಿಂತ ಚಿಕ್ಕದಾಗಿ ಕಾಣುತ್ತದೆ. ಲೆಕ್ಕ ಹಾಕಿ ನೋಡಿ. ಶ್ವಾಸಕೋಶದ ಒತ್ತಡ ತಿಳಿಯಲು ಅಳೆಯುವ, ಬಲಭಾಗದ ಟ್ರೈಕಸ್ಪಿಡ್ ಕವಾಟದ ಸೋರಿಕೆಯ ವೇಗ ಸೆಕೆಂಡಿಗೆ 4 ಮೀಟರ್ ಇದ್ದರೆ ನಾಲ್ಕು ಪಟ್ಟು ವೇಗದ ವರ್ಗ, ಅಂದರೆ 64. ಗೆರೆ 30 ಡಿಗ್ರಿ ಓರೆಯಾದರೆ ಅದೇ ವೇಗ 3.46 ಎಂದು ಬಂದು 48ಕ್ಕೆ ಇಳಿಯುತ್ತದೆ. ಶ್ವಾಸಕೋಶದ ಒತ್ತಡ 16 ಅಂಕ ಮಾಯ! ಅಯೋರ್ಟಿಕ್ ಸ್ಟೆನೋಸಿಸ್‌ನಲ್ಲೂ ಇದೇ ಕತೆ. ತುದಿಯಿಂದ 3.5 ಬಂದರೆ ಅಲ್ಲಿಗೇ ಮುಗಿಸಬಾರದು. ರೋಗಿಯನ್ನು ಬಲಮಗ್ಗುಲಿಗೆ ತಿರುಗಿಸಿ, ಎದೆಮೂಳೆಯ ಬಲಪಕ್ಕದಿಂದ ಚಿಕ್ಕ ಪೆನ್ಸಿಲ್ ಪ್ರೋಬ್ ಇಟ್ಟರೆ 4.3 ಸಿಗುವುದುಂಟು, 4 ದಾಟಿದರೆ ಅದು ತೀವ್ರ. ಬಹುತೇಕ ಕಡೆ ಆ ಪ್ರೋಬ್ ಡಬ್ಬಿಯಲ್ಲೇ ಮಲಗಿರುತ್ತದೆ. ಅದೇ ರೀತಿ ಎಲ್‌ವಿಒಟಿ (ಎಡ ಕುಕ್ಷಿಯಿಂದ ರಕ್ತ ಹೊರಹೋಗುವ ದಾರಿ) ವ್ಯಾಸ 2 ಸೆಂ.ಮೀ. ಇದ್ದದ್ದನ್ನು 1.8 ಎಂದು ಅಳೆದರೆ ಕವಾಟದ ಲೆಕ್ಕ ಸುಮಾರು ಐದರಲ್ಲೊಂದು ಪಾಲು ಕುಸಿಯುತ್ತದೆ, ಯಾಕೆಂದರೆ ವ್ಯಾಸ ಅಲ್ಲಿ ವರ್ಗವಾಗುತ್ತದೆ.

ಹೃದಯದ ಸುತ್ತ ನೀರೋ, ಶ್ವಾಸಕೋಶದ ಸುತ್ತ ನೀರೋ ಎಂಬ ಗೊಂದಲಕ್ಕೆ ಲಾಂಗ್ ಆಕ್ಸಿಸ್‌ನಲ್ಲಿ (ಹೃದಯವನ್ನು ಉದ್ದಕ್ಕೆ ಸೀಳಿದಂತೆ ಕಾಣುವ ನೋಟದಲ್ಲಿ) ದುಂಡಗೆ ಕಾಣುವ ಇಳಿ ಮಹಾಧಮನಿಯೇ ಗಡಿಕಲ್ಲು. ನೀರು ಅದರ ಮುಂದೆ, ಹೃದಯಕ್ಕೂ ಅದಕ್ಕೂ ನಡುವೆ ನುಗ್ಗಿದ್ದರೆ ಹೃದಯದ್ದು. ಹಿಂದೆ ಉಳಿದಿದ್ದರೆ ಶ್ವಾಸಕೋಶದ್ದು. ಡಯಾಸ್ಟಲಿಯಲ್ಲಿ (ಹೃದಯ ಹಿಗ್ಗುವ ಹೊತ್ತಿನಲ್ಲಿ) ಬಲ ಕುಕ್ಷಿ ಒಳಗೆ ಕುಸಿಯುತ್ತಿದ್ದು, ಐವಿಸಿ (ಮೈಯ ಕೆಳಭಾಗದಿಂದ ಹೃದಯಕ್ಕೆ ರಕ್ತ ತರುವ ದೊಡ್ಡ ನಾಳ) ಉಬ್ಬಿ ಉಸಿರಿಗೆ ಅಲುಗದಿದ್ದರೆ ರಿಪೋರ್ಟ್ ಟೈಪ್ ಮಾಡುತ್ತ ಕೂರಬೇಡಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಬೀಡಿ ಸೇದಿ ಎದೆ ಉಬ್ಬಿದವರಲ್ಲಿ ಮೇಲಿನ ಕಿಟಕಿಗಳೆಲ್ಲ ಮುಚ್ಚಿರುತ್ತವೆ. ಮಂಡಿ ಮಡಿಸಿ ಅಂಗಾತ ಮಲಗಿಸಿ, ಹೊಟ್ಟೆಯ ಮೇಲ್ಭಾಗದಿಂದ ನೋಡಿದರೆ ಬಹುಪಾಲು ಕೆಲಸ ಆಗುತ್ತದೆ.

ಅಪಾಯಕಾರಿ ವಸ್ತು ಇನ್ನೊಂದಿದೆ, ರಿಪೋರ್ಟಿನ ಟೆಂಪ್ಲೇಟ್. 'ಕ್ಲಾಟ್ ಇಲ್ಲ, ನೀರು ಇಲ್ಲ, ಗೋಡೆಗಳ ಚಲನೆ ಸಹಜ' ಎಂಬ ಸಾಲುಗಳು ಮೊದಲೇ ಅಚ್ಚಾಗಿರುತ್ತವೆ. ಅವಸರದಲ್ಲಿ ಅಳಿಸುವುದು ಮರೆತರೆ ಮೇಲೆ 'ತುದಿಯಲ್ಲಿ ಕ್ಲಾಟ್', ಕೆಳಗೆ 'ಕ್ಲಾಟ್ ಇಲ್ಲ' ಎರಡೂ ಒಂದೇ ಹಾಳೆಯಲ್ಲಿ. ಸಾಲುಗಳನ್ನು ಖಾಲಿ ಬಿಟ್ಟ ಟೆಂಪ್ಲೇಟ್ ಇಟ್ಟುಕೊಳ್ಳುವುದೇ ಇದಕ್ಕೆ ಮದ್ದು. ಆಯುಷ್ಮಾನ್ ಅನುಮತಿಗೆ ಹೋಗುವ ಹಾಳೆಯಲ್ಲಿ ಇಂಥದ್ದು ಸಿಕ್ಕರೆ ಫೈಲ್ ವಾಪಸ್ ಬರುತ್ತದೆ, ರೋಗಿ ಮತ್ತೆ ಬಸ್ ಹತ್ತಬೇಕು. ಸಹಿ ಹೃದ್ರೋಗ ತಜ್ಞರದ್ದು, ಆದ್ದರಿಂದ "ಹೆಂಗದೆ ಸಾರ್, ವಾಲ್ವು ಹೋಗೈತಾ?" ಎಂಬ ಪ್ರಶ್ನೆಗೆ ಮಂಚದ ಬಳಿಯೇ ಉತ್ತರ ಕೊಡಬಾರದು. ಮುಖ ಸಪ್ಪಗೆ ಮಾಡುವುದೂ ಉತ್ತರವೇ, ರೋಗಿಗಳು ಪರದೆಗಿಂತ ನಮ್ಮ ಮುಖವನ್ನೇ ಹೆಚ್ಚು ನೋಡುತ್ತಾರೆ.

ಸಂಜೆಯ ಕೆಲಸ ಮಷೀನಿನದು. ಪ್ರೋಬಿನ ಜೆಲ್ ಅಲ್ಲೇ ಒಣಗಲು ಬಿಡಬಾರದು. ಸ್ಪಿರಿಟ್ ಹಾಕಿ ಉಜ್ಜಿದರೆ ಮೂತಿಯ ರಬ್ಬರ್ ಬಿರಿಯುತ್ತದೆ. ಕಂಪನಿ ಹೇಳಿದ ದ್ರಾವಣ, ಮೆತ್ತನೆ ಬಟ್ಟೆ ಸಾಕು. ಐದು ಲೀಟರ್ ಕ್ಯಾನಿನಿಂದ ಜೆಲ್ ತುಂಬಿಸುವ ಬಾಟಲಿಯನ್ನು ತೊಳೆದು ಒಣಗಿಸದೆ ಮೇಲೆ ಮೇಲೆ ತುಂಬುತ್ತ ಹೋದರೆ ಅದರಲ್ಲೇ ಸೋಂಕು ಬೆಳೆಯುತ್ತದೆ. ಟ್ರಾಲಿಯ ಚಕ್ರ ಕೇಬಲ್ ಮೇಲೆ ಹತ್ತದಂತೆ ಸುತ್ತಿಡಿ. ಹೃದಯದ ಸೆಕ್ಟರ್ ಪ್ರೋಬಿನಲ್ಲಿ ಹರಳುಗಳು ಸತ್ತರೆ ಪರದೆಯ ಮೇಲೆ ಕಪ್ಪು ಗೆರೆ ಬೀಳುವುದಿಲ್ಲ, ಚಿತ್ರ ಒಟ್ಟಾರೆ ಮಂಕಾಗಿ ಡಾಪ್ಲರ್ ಸೊರಗುತ್ತದೆ. ಎಲ್ಲರೂ ರೋಗಿಯ ದಪ್ಪ ಮೈಯನ್ನು ದೂರುತ್ತಾರೆ. ಒಂದೇ ಎದೆಯ ಮೇಲೆ ಎರಡು ಪ್ರೋಬ್ ಇಟ್ಟು ಹೋಲಿಸಿದರೆ ತಿಳಿದುಬಿಡುತ್ತದೆ. ಸೋಸುಜಾಲರಿಯ ದೂಳು ವಾರಕ್ಕೊಮ್ಮೆ ಕೊಡವದಿದ್ದರೆ ಮಷೀನ್ ಕಾದು, ಮಧ್ಯಾಹ್ನದ ರಶ್ಶಿನಲ್ಲೇ ತಾನಾಗಿ ಆಫ್ ಆಗುತ್ತದೆ. ಇಂಡೆಂಟ್ ಬರೆಯುವಾಗ ಇಸಿಜಿ ಎಲೆಕ್ಟ್ರೋಡ್, ಪ್ರಿಂಟರ್ ಪೇಪರ್ ಜೊತೆಗೆ ಎತ್ತರ ಹೊಂದಿಸಬಹುದಾದ ಕುರ್ಚಿಯೊಂದನ್ನೂ ಬಿಡದೆ ಕೇಳಿ. ಭುಜ ಎತ್ತಿಹಿಡಿದು ಸ್ಕ್ಯಾನ್ ಮಾಡುವವರ ಭುಜ ಕೆಲವೇ ವರ್ಷಗಳಲ್ಲಿ ಹಿಡಿದುಕೊಳ್ಳುತ್ತದೆ.