ಅಲ್ಲಿ ನಿಜವಾಗಿಯೂ ಹೀಗೆಯೇ ಇದೆಯೇ?

ತಿಂಗಳಿಗೊಮ್ಮೆ ನಮ್ಮ ಮನೆಯ ಮಹಡಿಯ ಮೇಲೆ ಬಿಳಿ ಪಂಚೆ ಕಟ್ಟಿ ಗೆಳೆಯರಿಗೆ, ನೆರೆಯವರಿಗೆ ಸಿನಿಮಾ ತೋರಿಸುತ್ತೇನೆ. ಅರಬ್ ದೇಶದ ಚಿತ್ರವಾದರೆ, ಮುಗಿದ ಕೂಡಲೇ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: "ಅಲ್ಲಿ ನಿಜವಾಗಿಯೂ ಹೀಗೆಯೇ ಇದೆಯೇ?" ಫ್ರಾನ್ಸಿನ ಚಿತ್ರ ತೋರಿಸಿದಾಗ ಈ ಪ್ರಶ್ನೆಯನ್ನು ಒಬ್ಬರೂ ಕೇಳಿಲ್ಲ. ಇರಲಿ.

'ಅಲ್ಲಿ' ಎಂದರೆ ಎಲ್ಲಿ? ಅರಬ್ ಲೀಗಿನಲ್ಲಿ 22 ದೇಶಗಳಿವೆ. ಕೇಳುವವರಲ್ಲಿ ಎಷ್ಟೋ ಜನರ ತಲೆಯಲ್ಲಿರುವುದು ಇರಾನಿನ ಚಿತ್ರಗಳು. ಇರಾನಿನ ಭಾಷೆ ಫಾರಸಿ, ಅದು ಅರಬ್ ದೇಶವೇ ಅಲ್ಲ. ಹಾಗಾಗಿ ನಾನು ಒಂದು ಊರು, ಒಂದು ಜಗಳ ಹಿಡಿದು ಉತ್ತರಿಸುತ್ತೇನೆ.

ಊರು ಲೆಬನಾನಿನ ರಾಜಧಾನಿ ಬೈರೂತ್. ಚಿತ್ರ ಝಿಯಾದ್ ದುವೈರಿಯ 'ದಿ ಇನ್ಸಲ್ಟ್' (2017). ಮೆಕ್ಯಾನಿಕ್ ಟೋನಿ ಬಾಲ್ಕನಿಯ ಗಿಡಗಳಿಗೆ ಹಾಕಿದ ನೀರು ಪೈಪಿನಿಂದ ಸುರಿದು ಬೀದಿಯಲ್ಲಿ ಕೆಲಸ ಮಾಡುವವರ ಮೇಲೆ ಬೀಳುತ್ತದೆ. ಮೇಸ್ತ್ರಿ ಯಾಸಿರ್ ಸರಿಮಾಡಿಕೊಡುತ್ತೇನೆಂದರೆ ಟೋನಿ ಒಳಗೆ ಬಿಡುವುದಿಲ್ಲ. ಹೊರಗಿನಿಂದಲೇ ಹೊಸ ಪೈಪ್ ಹಾಕಿಸಿದರೆ ಅದನ್ನೂ ಒಡೆದುಹಾಕುತ್ತಾನೆ. ಯಾಸಿರ್ ಬಾಯಿಂದ ಒಂದು ಬೈಗುಳ ಬೀಳುತ್ತದೆ. ಇಷ್ಟೇ ಆಗಿದ್ದರೆ ನಮ್ಮ ಯಾವ ಬೀದಿಯಲ್ಲಾದರೂ ನಡೆಯಬಹುದಾದ ರಂಪ.

ಆದರೆ ಟೋನಿ ಕ್ರೈಸ್ತ, ಯಾಸಿರ್ ಪ್ಯಾಲೆಸ್ತೀನಿ ನಿರಾಶ್ರಿತ. ಕ್ಷಮೆ ಕೇಳಲು ಬಂದವನಿಗೆ ಟೋನಿ, ಏರಿಯಲ್ ಶರೋನ್ ನಿಮ್ಮನ್ನೆಲ್ಲ ನಿರ್ನಾಮ ಮಾಡಿದ್ದರೆ ಚೆನ್ನಾಗಿತ್ತು ಎನ್ನುತ್ತಾನೆ. 1982ರಲ್ಲಿ ಇಸ್ರೇಲ್ ಲೆಬನಾನಿನ ಮೇಲೆ ದಂಡೆತ್ತಿ ಬಂದಾಗ ಶರೋನ್ ಅದರ ರಕ್ಷಣಾ ಸಚಿವ. ಅದೇ ವರ್ಷ ಬೈರೂತಿನ ಸಾಬ್ರಾ, ಶತೀಲಾಗಳಲ್ಲಿ ಇಸ್ರೇಲಿನ ಮಿತ್ರರಾಗಿದ್ದ ಲೆಬನಾನಿನ ಕ್ರೈಸ್ತ ಸೇನಾಪಡೆಯವರು ಪ್ಯಾಲೆಸ್ತೀನಿಯರನ್ನು ಕೊಂದರು. ಯಾಸಿರ್ ಗುದ್ದುತ್ತಾನೆ, ಟೋನಿಯ ಪಕ್ಕೆಲುಬು ಮುರಿಯುತ್ತದೆ. ಪ್ರಕರಣ ನ್ಯಾಯಾಲಯಕ್ಕೆ, ಅಲ್ಲಿಂದ ಬೀದಿಗೆ. ವಕೀಲರು ಕೆದಕುತ್ತಾ ಹೋದಂತೆ ಟೋನಿ ದಾಮೂರ್‌ನವನೆಂದು ಹೊರಬೀಳುತ್ತದೆ. 1976ರಲ್ಲಿ ಪ್ಯಾಲೆಸ್ತೀನಿ ಪಡೆಗಳು ಮತ್ತು ಅವರ ಮಿತ್ರರ ಕೈಯಲ್ಲಿ ಕ್ರೈಸ್ತರ ಕಗ್ಗೊಲೆ ನಡೆದ ಊರು ಅದು. 1975ರಿಂದ 1990ರವರೆಗಿನ ಅಂತರ್ಯುದ್ಧದ ಅಪರಾಧಗಳಲ್ಲಿ ಬಹುಪಾಲನ್ನು 1991ರ ಕ್ಷಮಾದಾನ ಕಾನೂನು ಮುಚ್ಚಿಹಾಕಿತು. ವಿಚಾರಣೆಯಾಗದೆ ಉಳಿದದ್ದು ಇಲ್ಲಿ ಪೈಪಿನ ನೆಪದಲ್ಲಿ ಕಟಕಟೆ ಹತ್ತುತ್ತದೆ.

ನನಗೆ ಇಷ್ಟವಾದ ದೃಶ್ಯದಲ್ಲಿ ಭಾಷಣವಿಲ್ಲ. ದೇಶದ ಅಧ್ಯಕ್ಷರು ಕರೆಸಿ ನಡೆಸಿದ ರಾಜಿ ಮಾತುಕತೆ ಮುರಿದುಬಿದ್ದಿದೆ. ಯಾಸಿರ್ ಕಾರು ಸ್ಟಾರ್ಟ್ ಆಗುತ್ತಿಲ್ಲ. ಟೋನಿ ತನ್ನ ಕಾರಿನಲ್ಲಿ ಹೊರಟುಹೋದವನು ತಿರುಗಿ ಬರುತ್ತಾನೆ, ಬಾನೆಟ್ ಎತ್ತಿ ಸರಿಮಾಡುತ್ತಾನೆ, ಹೋಗುತ್ತಾನೆ. ಮೆಕ್ಯಾನಿಕ್ ಅಲ್ಲವೇ, ಕೆಟ್ಟ ಎಂಜಿನ್ ಬಿಟ್ಟುಹೋಗಲು ಕೈ ಕೇಳುವುದಿಲ್ಲ.

ಆದ್ದರಿಂದ ಪ್ರಶ್ನೆಗೆ ನನ್ನ ಉತ್ತರ: ಈ ಚಿತ್ರಗಳನ್ನು ನಮಗೆ ವರದಿ ಒಪ್ಪಿಸಲು ತೆಗೆದಿಲ್ಲ. ಇವು ತಮ್ಮವರೊಂದಿಗೆ ತೆಗೆದ ಜಗಳಗಳು. ಸೌದಿ ಅರೇಬಿಯಾದ ನಿರ್ದೇಶಕಿ ಹೈಫಾ ಅಲ್ ಮನ್ಸೂರ್ 'ವಜ್ದಾ' (2012) ತೆಗೆದಾಗ, ಹೆಂಗಸು ಬೀದಿಯಲ್ಲಿ ಗಂಡಸರ ಜೊತೆ ಬೆರೆತು ಕೆಲಸ ಮಾಡುವಂತಿರಲಿಲ್ಲವಾದ್ದರಿಂದ, ರಾಜಧಾನಿ ರಿಯಾದ್‌ನ ಬೀದಿ ದೃಶ್ಯಗಳನ್ನು ವ್ಯಾನಿನೊಳಗೆ ಕುಳಿತು ವಾಕಿಟಾಕಿಯಲ್ಲಿ ನಿರ್ದೇಶಿಸಬೇಕಾಯಿತು; ಆಗ ಸೌದಿಯಲ್ಲಿ ಚಿತ್ರಮಂದಿರಗಳೇ ಇರಲಿಲ್ಲ. ಸೈಕಲ್ಲಿಗೆ ಹಂಬಲಿಸುವ ಹುಡುಗಿ ವಜ್ದಾ, ಗಂಡಸರ ಹೆಸರುಗಳಷ್ಟೇ ಇರುವ ಅಪ್ಪನ ವಂಶವೃಕ್ಷದಲ್ಲಿ ತನ್ನ ಹೆಸರು ಬರೆದ ಚೀಟಿ ಸಿಕ್ಕಿಸುತ್ತಾಳೆ. ಆಮೇಲೆ ನೋಡಿದರೆ ಚೀಟಿ ಯಾರೋ ಕಿತ್ತಿದ್ದಾರೆ. ಅವಳ ತಾಯಿ ಕೆಲಸಕ್ಕೆ ಹೋಗಲು ಇಕ್ಬಾಲ್ ಎಂಬ ಚಾಲಕನ ಬೈಗುಳ ಸಹಿಸಬೇಕಿತ್ತು. 2018ರಲ್ಲಿ ಸೌದಿ ಹೆಂಗಸರಿಗೆ ವಾಹನ ಓಡಿಸಲು ಅನುಮತಿ ಸಿಕ್ಕಿತು, ಚಿತ್ರಮಂದಿರಗಳೂ ತೆರೆದವು. 'ಹೀಗೆಯೇ ಇದೆ' ಎಂದು 2012ರಲ್ಲಿ ಹೇಳಿದ್ದರೆ ಆರೇ ವರ್ಷಗಳಲ್ಲಿ ಅರ್ಧ ಮಾತು ಸುಳ್ಳಾಗುತ್ತಿತ್ತು.

'ದಿ ಇನ್ಸಲ್ಟ್' ತೋರಿಸಿದ ರಾತ್ರಿ ಎಲ್ಲರೂ ಲೆಬನಾನಿನ ಬಗ್ಗೆ ಮಾತಾಡುತ್ತಿದ್ದರೆ, ಪಕ್ಕದ ಮನೆಯ ಹಿರಿಯರು ಮಾತ್ರ ಪೈಪಿನ ವಿಷಯ ಬಿಡಲೇ ಇಲ್ಲ. "ಸರಿಮಾಡಿಕೊಡುತ್ತೇನೆ ಎಂದಾಗಲೇ ಒಪ್ಪಬಾರದಿತ್ತೇ ಅವನು?" ಎಂದು ನನ್ನನ್ನೇ ನೋಡಿ ಎರಡು ಸಲ ಕೇಳಿದರು. ನಮ್ಮ ಮಹಡಿಯ ಮಳೆನೀರು ಬೀಳುವುದು ಅವರ ಅಂಗಳಕ್ಕೆ.