ಕಾಲೇಜಿನ ಹೆಸರು, ವಾರ್ಡಿನ ಮಂಚ

ಬಾಗಲಕೋಟೆ, ರವಿವಾರ, 11 ಆಗಸ್ಟ್ 2024

ನೀಟ್ ಅಂಕಪಟ್ಟಿ ಹಿಡಿದುಕೊಂಡು ತಂಗಿಯ ಮಗಳು ಬೆಳಿಗ್ಗೆಯೇ ಜಮಖಂಡಿಯಿಂದ ಬಂದಳು. ಸೀಟು ಹಂಚುವ ಕೌನ್ಸೆಲಿಂಗ್‌ನಲ್ಲಿ ಯಾವ ವೈದ್ಯಕೀಯ ಕಾಲೇಜನ್ನು ಮೊದಲು ನಮೂದಿಸಬೇಕು ಎಂಬ ಅವಳ ಪ್ರಶ್ನೆಗೆ ನಮ್ಮ ಹಿರಿಯ ಮಾವನವರು ತಡಮಾಡದೆ ಉತ್ತರಿಸಿದರು: "ಬೆಳಗಾವಿ ಜೆಎನ್‌ಎಂಸಿ ಅಂದ್ರ ಜೆಎನ್‌ಎಂಸಿ. ಉಳದದ್ದೆಲ್ಲಾ ಆಮ್ಯಾಲೆ."

ಅವರ ತಲೆಮಾರಿಗೆ ಆ ಮಾತು ಸಹಜ. ಹುಬ್ಬಳ್ಳಿಯ ಕರ್ನಾಟಕ ವೈದ್ಯಕೀಯ ಕಾಲೇಜು (ಕೆಎಂಸಿ) 1957ರಲ್ಲಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು (ಜೆಎನ್‌ಎಂಸಿ) 1963ರಲ್ಲಿ ಆರಂಭವಾದವು. ವಿಜಯಪುರದ ಅಲ್-ಅಮೀನ್ ಬಂದದ್ದು 1984ರಲ್ಲಿ, ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ಕಾಲೇಜು 1986ರಲ್ಲಿ. ನಮ್ಮೂರಿನ ಎಸ್. ನಿಜಲಿಂಗಪ್ಪ ಕಾಲೇಜಿಗಂತೂ 2002ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ರೋಗ ಕೈಮೀರಿತೆಂದರೆ ಮಿರಜ, ಸೊಲ್ಲಾಪುರ, ಬೆಳಗಾವಿ ಎಂದು ಜೀಪು ಕಟ್ಟಿಕೊಂಡು ಓಡುವುದೇ ನಮ್ಮ ಭಾಗದವರ ಪಾಡಾಗಿತ್ತು.

ಆದರೆ ಜೆಎನ್‌ಎಂಸಿಯ ಹೆಸರಿಗೆ ವಯಸ್ಸೊಂದೇ ಕಾರಣವೆಂದರೆ ತಪ್ಪಾಗುತ್ತದೆ. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆಯ ನಂತರದ ರಕ್ತಸ್ರಾವವನ್ನು ತಡೆಯಲು ಮಿಸೊಪ್ರೊಸ್ಟಾಲ್ ಮಾತ್ರೆ ನೆರವಾಗುವುದೇ ಎಂದು ಅಲ್ಲಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆಗೂಡಿ 1,620 ಮಹಿಳೆಯರಲ್ಲಿ ಪರೀಕ್ಷಿಸಿದರು. ಮಾತ್ರೆ ಕೊಟ್ಟವರು ಹೆರಿಗೆ ನೋಡಿಕೊಳ್ಳುವ ಊರಿನ ಎಎನ್‌ಎಂ ಸಿಸ್ಟರ್‌ಗಳು. ಅಂಥ ರಕ್ತಸ್ರಾವದ ಪ್ರಮಾಣ ಶೇ. 12ರಿಂದ ಶೇ. 6.4ಕ್ಕೆ ಇಳಿಯಿತು, ಮತ್ತು ಆ ಫಲಿತಾಂಶವನ್ನು 2006ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆ ಪ್ರಕಟಿಸಿತು. ಚುಚ್ಚುಮದ್ದಾಗಲಿ ಫ್ರಿಜ್ಜಾಗಲಿ ಇಲ್ಲದ ಮನೆಯಲ್ಲೂ ಬಾಣಂತಿಯ ಜೀವ ಉಳಿಸಬಲ್ಲ ಈ ಕೆಲಸ ನಮ್ಮ ನೆಲದಲ್ಲೇ ನಡೆಯಿತೆಂದು ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆಯಾಗುತ್ತದೆ. ಸಂಸ್ಥೆಗೆ ಬರುವ ಹೆಸರು ಹೀಗೆ ಬರಬೇಕು.

ಸಂಸ್ಥೆಯ ಹೆಸರೆಲ್ಲ ವಿದ್ಯಾರ್ಥಿಯ ಪಾಲಿಗೆ ವಿದ್ಯೆಯಾಗಿ ಇಳಿಯುತ್ತದೆಯೇ ಎಂಬುದು ಮಾತ್ರ ಬೇರೆ ಪ್ರಶ್ನೆ. ಆರು ವರ್ಷಗಳ ಹಿಂದೆ ಅಪ್ಪನಿಗೆ ಏದುಸಿರು ಹೆಚ್ಚಾದಾಗ ಈ ಭಾಗದ ಹೆಸರಾಂತ ಬೋಧನಾ ಆಸ್ಪತ್ರೆಯೊಂದರಲ್ಲಿ ಸೇರಿಸಿದ್ದೆವು. ಮೂರು ದಿನವೂ ರೌಂಡ್ಸ್ ವಾರ್ಡಿನ ಬಾಗಿಲಲ್ಲೇ ಮುಗಿಯಿತು. ಕೇಸ್ ಶೀಟಿನ ಮೇಲೆ ಕಣ್ಣಾಡಿಸಿ ಹಿರಿಯರು ಮುಂದೆ ಸಾಗಿದರು, ವಿದ್ಯಾರ್ಥಿಗಳು ಹಿಂದೆ ನಿಂತು ಬರೆದುಕೊಂಡರು. ನಂತರ ಒಯ್ದ, ಅಷ್ಟೇನೂ ಹೆಸರಿಲ್ಲದ ಇನ್ನೊಂದು ಆಸ್ಪತ್ರೆಯಲ್ಲಿ ಹುಡುಗಿಯೊಬ್ಬಳು ಸ್ಟೂಲ್ ಎಳೆದುಕೊಂಡು ಕೂತು, ಕೈಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಅಪ್ಪನ ಉಸಿರು ಎಣಿಸಿದಳು. "ಅಜ್ಜಾರ, ರಾತ್ರಿ ಎಷ್ಟು ತಲೆದಿಂಬು ಹಾಕ್ಕೋತೀರಿ?" ಎಂದು ಕೇಳಿದಳು. ಮೂರು ಎಂದರು ಅಪ್ಪ. ಅಂಗಾತ ಮಲಗಿದರೆ ಉಸಿರು ಕಟ್ಟುವುದು ಹೃದಯ ಸೋಲುತ್ತಿರುವ ಲಕ್ಷಣವಿರಬಹುದೆಂದು ಅವಳಿಗೆ ಕಲಿಸಿದವರು ಅದೇ ವಾರ್ಡಿನಲ್ಲಿದ್ದರು. ಹೋಗಿ ಅವರನ್ನು ಕರೆತಂದಳು.

ಆದ್ದರಿಂದ ಜಿಲ್ಲಾ ಆಸ್ಪತ್ರೆಗೆ ಹೊಂದಿಕೊಂಡಿರುವ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜು ಬಿಮ್ಸ್ ಅನ್ನು ಮೊದಲು ಬರೆ ಎಂದು ತಂಗಿಯ ಮಗಳಿಗೆ ಹೇಳಿದೆ. ಬಡವರು ಬೇರೆ ದಾರಿಯಿಲ್ಲದೆ ಬರುವ ಜಾಗದಲ್ಲಿ ಕಲಿಯುವವರಿಗೆ ನೋಡಲು ಎಲ್ಲ ಬಗೆಯ ರೋಗಿಗಳೂ ಸಿಗುತ್ತಾರೆ. ಶುಲ್ಕದ ಮಾತೂ ಇದೆ. ಜೆಎನ್‌ಎಂಸಿಯೂ ಬಿ.ಎಂ. ಪಾಟೀಲ ಕಾಲೇಜೂ ಈಗ ಡೀಮ್ಡ್ ವಿಶ್ವವಿದ್ಯಾಲಯಗಳಿಗೆ, ಅಂದರೆ ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಖಾಸಗಿ ಸಂಸ್ಥೆಗಳಿಗೆ, ಸೇರಿರುವುದರಿಂದ ಅವುಗಳ ಕೌನ್ಸೆಲಿಂಗ್ ದೆಹಲಿಯಿಂದ ನಡೆಯುತ್ತದೆ, ಮತ್ತು ಅಲ್ಲಿನ ಶುಲ್ಕ ತಂಗಿಯ ಮನೆಗೆ ನಿಲುಕುವಂಥದ್ದಲ್ಲ. ಮಾವನವರು ಇದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ, ಕೇಳಿ ಸುಮ್ಮನಾದರು.

ಎರಡನೆಯ ಸ್ಥಾನಕ್ಕೆ ನಮ್ಮೂರಿನ ಕಾಲೇಜೋ, ಹುಬ್ಬಳ್ಳಿಯೋ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ನಾಳೆ ನಸುಕಿನ ಬಸ್ಸಿಗೆ ಅವಳೂ ನಾನೂ ಬೆಳಗಾವಿಗೆ ಹೊರಟಿದ್ದೇವೆ. ಒಪಿಡಿ ಚೀಟಿಯ ಸಾಲಿನ ಬಳಿ ಒಂದು ತಾಸು ನಿಂತು ನೋಡಬೇಕೆಂಬುದು ಅವಳದೇ ಆಸೆ.