ಮಳೆ ಶುರುವಾದ್ರೆ ನನ್ನ ಕ್ಯಾಮೆರಾ ಹೊರಗೆ

ಜೂನ್ ಬಂತು ಅಂದ್ರೆ ನಮ್ಮ ಕಡೆ ಫೋಟೋ ಹುಚ್ಚಿನವರೆಲ್ಲ ಕ್ಯಾಮೆರಾ ಕಪಾಟಿಗೆ ಸೇರಿಸ್ತಾರೆ, ಇನ್ನೆಂತ ಇದ್ರೂ ಅಕ್ಟೋಬರ್ ಆದ ಮೇಲೆ ನೋಡುವ ಅಂತ. ನನ್ನದು ಉಲ್ಟಾ. ಉಡುಪಿ, ಮಂಗಳೂರು ಫೋಟೋದಲ್ಲಿ ಸರಿಯಾಗಿ ಸಿಗುದೇ ಮಳೆಗಾಲದಲ್ಲಿ ಅಂತ ನಾನು ಯಾರ ಹತ್ರ ಬೇಕಾದ್ರೂ ಜಗಳಕ್ಕೆ ರೆಡಿ. ಡಿಸೆಂಬರಲ್ಲಿ ಮಲ್ಪೆ ಬೀಚಿನ ಸೂರ್ಯಾಸ್ತ, ಕಾಪು ಲೈಟ್‌ಹೌಸಿನ ಹಿಂದೆ ಕೇಸರಿ ಆಕಾಶ, ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬ ಕಲ್ಲು, ಎಲ್ಲ ಚೆಂದ ಉಂಟು, ಇಲ್ಲ ಅಂತ ಹೇಳುದಿಲ್ಲ. ಆದ್ರೆ ಆ ಫೋಟೋಗಳು ಎಲ್ಲರ ಮೊಬೈಲಲ್ಲೂ ಉಂಟು, ಬೆಂಗಳೂರಿಂದ ವೀಕೆಂಡಿಗೆ ಬಂದು ಹೋದವರ ಹತ್ರವೂ ಉಂಟು, ಕೆಲವರದ್ದು ನಮ್ಮದಕ್ಕಿಂತ ಚೆಂದವೇ ಉಂಟು. ಮಳೆಗಾಲದಲ್ಲಿ ದ್ವೀಪಕ್ಕೆ ಬೋಟೇ ಇಲ್ಲ, ಸಮುದ್ರಕ್ಕೆ ಇಳಿಲಿಕ್ಕೂ ಬಿಡುದಿಲ್ಲ, ಹಾಗಾಗಿ ಊರು ಊರಿನವರಿಗೇ ಉಳೀತದೆ.

ಮುಖ್ಯ ವಿಷಯ ಬೆಳಕು. ಮಾರ್ಚ್ ಏಪ್ರಿಲಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ಬಿಸಿಲು ನೆತ್ತಿಗೆ ಹೊಡೀತದೆ, ತೆಂಗಿನ ತೋಟದಲ್ಲಿ ಯಾರನ್ನಾದ್ರೂ ನಿಲ್ಲಿಸಿದ್ರೆ ಮುಖದ ಮೇಲೆ ಅರ್ಧ ಬಿಳಿ ಚುಕ್ಕೆ ಅರ್ಧ ಕಪ್ಪು, ಎಂತ ಎಡಿಟ್ ಮಾಡಿದ್ರೂ ಸರಿಯಾಗುದಿಲ್ಲ. ಮದುವೆ ಫೋಟೋದವರು ಲೈಟಿಗೆ ಬಿಳಿ ಕೊಡೆ ಕಟ್ತಾರಲ್ಲ, ಜೂನಲ್ಲಿ ಮೋಡ ಇಡೀ ಜಿಲ್ಲೆಗೆ ಆ ಕೆಲಸ ಮಾಡಿಕೊಡ್ತದೆ, ಅದೂ ಫ್ರೀಯಾಗಿ. ನೆರಳೇ ಇಲ್ಲ, ಮಧ್ಯಾಹ್ನ ಎರಡಕ್ಕೂ ತೆಗೀಬಹುದು. ಬಣ್ಣವೂ ಬದಲಾಗ್ತದೆ. ಬೇಸಿಗೆಯಲ್ಲಿ ಧೂಳು ಹಿಡಿದು ಸಪ್ಪೆ ಕಾಣುವ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲಿನ) ಪಾಗಾರ ಒದ್ದೆಯಾದ ಕೂಡ್ಲೆ ಕಡು ಕೆಂಪು, ಅದರ ಮೇಲೆ ಹಸಿರು ಪಾಚಿ. ಹಳೆ ಮನೆಗಳ ಹಂಚಿನ ಮಾಡೂ ಹಾಗೆಯೇ. ಸ್ವಿಸ್ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಲ್ಲಿ ಫ್ಯಾಕ್ಟರಿ ಹಾಕಿ ಶುರು ಮಾಡಿದ ಹಂಚು ಒಂದು ಕಾಲದಲ್ಲಿ ಹಡಗು ಹತ್ತಿ ಹೊರದೇಶಕ್ಕೆ ಹೋಗ್ತಿತ್ತು, ಈಗ ನಮ್ಮ ರಸ್ತೆಯಲ್ಲೇ ಒಂದೊಂದಾಗಿ ಇಳಿಸಿ ಟೆರೇಸು, ಅದರ ಮೇಲೆ ನೀಲಿ ಶೀಟು. ಆ ನೀಲಿ ಶೀಟಿನ ಮೇಲೆ ನನಗೆ ವಿಪರೀತ ಸಿಟ್ಟು, ಯಾವ ಫ್ರೇಮಿಗೂ ಬಂದು ಕೂತ್ಕೊಳ್ತದೆ. ಮನೆಯವರಿಗೆ ಸೋರುದು ನಿಂತ್ರೆ ಸಾಕು, ಅದೂ ಸರಿಯೇ. ಹಾಗಾಗಿ ಹಂಚಿನ ಮನೆ ಕಂಡ್ರೆ ಸ್ಕೂಟರ್ ನಿಲ್ಲಿಸಿ ಒಂದು ತೆಗೆದಿಟ್ಕೊಳ್ತೇನೆ.

ಮಳೆಗಾಲದಲ್ಲಿ ನನಗೆ ಅತಿ ಇಷ್ಟದ ಜಾಗ ಮಲ್ಪೆ ಬಂದರು. ಜೂನ್ 1ರಿಂದ ಜುಲೈ 31ರ ತನಕ, ಅಂದ್ರೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮರಿ ಹಾಕುವ ಸಮಯ ಅಂತ. ನಾಡದೋಣಿಯವರು ಮಾತ್ರ ಕಡಲು ನೋಡಿಕೊಂಡು ಹೋಗ್ತಾರೆ. ಬೇರೆ ಟೈಮಲ್ಲಿ ದಕ್ಕೆಗೆ ಹೋದ್ರೆ ಐಸ್, ಬುಟ್ಟಿ, ಏಲಂ ಕೂಗುವವರ ಬೊಬ್ಬೆ, ಕ್ಯಾಮೆರಾ ಎತ್ತಿದ್ರೆ ಅಡ್ಡ ನಿಂತೆ ಅಂತ ಬೈಗುಳ. ಈಗ ನೋಡಿದ್ರೆ ಬೋಟಿಗೆ ಬೋಟು ತಾಗಿಸಿ ಕಟ್ಟಿರ್ತಾರೆ, ನೀಲಿ, ಕೆಂಪು, ಹಸಿರು, ಎಲ್ಲದರ ಮೂತಿ ಒಂದೇ ಕಡೆ, ದುಡೀಲಿಕ್ಕೆ ಬಂದ ಹೊರಗಿನವರು ತುಂಬ ಜನ ಊರಿಗೆ ಹೋಗಿರ್ತಾರೆ.

ಉಳಿದವರು ಶೆಡ್ಡಲ್ಲಿ ಕೂತು ಬಲೆ ರಿಪೇರಿ ಮಾಡ್ತಾರೆ. ನನ್ನ ಒಳ್ಳೆ ಫೋಟೋಗಳೆಲ್ಲ ಅಲ್ಲಿಯದ್ದೇ. ಒಬ್ಬರು ಹಿರಿಯರು ಬಲೆಯ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದಿದ್ರು, ಬಲಗೈಯಲ್ಲಿ ದಾರ ಸುತ್ತಿದ ಪ್ಲಾಸ್ಟಿಕ್ ಸೂಜಿ, ಎಡಗೈಯ ಎರಡು ಬೆರಳೇ ಬಲೆಯ ಕಣ್ಣಿನ ಅಳತೆ, ಗಂಟು ಹಾಕಿ ಬಿಗಿದು ಮತ್ತೆ ಮುಂದಿನ ಕಣ್ಣು, ನೋಡ್ತಾ ಇರುವಾಗಲೇ ಹರಿದ ಜಾಗ ಮುಚ್ಚಿ ಹೋಯ್ತು. ಬೆರಳ ತುದಿಯೆಲ್ಲ ನೈಲಾನ್ ಎಳೆದು ಎಳೆದು ಗೆರೆ ಗೆರೆ. ನಾನು ಕ್ಯಾಮೆರಾ ತೋರಿಸಿ ತೆಗಿಬಹುದಾ ಅಂತ ಕೇಳಿದೆ.

"ಎಂತ ಸರ್, ಪೇಪರಿಗಾ?"

"ಅಲ್ಲ ಅಣ್ಣ, ಸುಮ್ಮನೆ."

"ಸುಮ್ಮನೆ ಆದ್ರೆ ತೆಗೀರಿ. ಪೇಪರಿಗೆ ಆದ್ರೆ ಅಂಗಿ ಹಾಕಿ ಬರ್ತೇನೆ."

ಅಂಗಿ ಇಲ್ಲದ್ದೇ ತೆಗೆದೆ. ಕೈ ಮತ್ತು ಹೆಬ್ಬೆರಳು ಮಾತ್ರ ಶಾರ್ಪ್, ಉಳಿದದ್ದೆಲ್ಲ ಮಸುಕು, 50 ಎಂಎಂ ಲೆನ್ಸ್, ಅದರ ಬಾಯಿ ದೊಡ್ಡದಾಗಿ ತೆರೆದು ಎಫ್ 2. ಆ ಕತ್ತಲೆ ಶೆಡ್ಡಲ್ಲಿ ಕಮ್ಮಿ ಬೆಳಕಿಗೆ ಅಂತ ಐಎಸ್ಒ 3200 ಇಟ್ಟದ್ದು, ಸ್ವಲ್ಪ ಗ್ರೇನ್, ಅಂದ್ರೆ ಮರಳು ಮರಳು, ಬಂದಿದೆ, ಬರ್ಲಿ. ಪ್ರಿಂಟ್ ಹಾಕಿಸಿ ಕೊಟ್ಟೆ, ಅವರ ಹೆಂಡತಿ ನೋಡಿ "ಮುಖ ಎಲ್ಲಿ?" ಅಂತ ಕೇಳಿದ್ರು.

ಮಳೆಯನ್ನೇ ತೆಗೀಬೇಕು ಅಂತಿದ್ದವರಿಗೆ ಒಂದು ಮಾತು. ಬಿಳಿ ಆಕಾಶದ ಎದುರು ಮಳೆ ಕಾಣುದೇ ಇಲ್ಲ, ಹಿಂದೆ ಕಪ್ಪಗೆ ಎಂತಾದ್ರೂ ಬೇಕು, ಅಡಿಕೆ ತೋಟ ಅಥವಾ ಬಾಗಿಲು ತೆರೆದಿಟ್ಟ ಗೋಡೌನ್ ಆದ್ರೂ ನಡೀತದೆ. ಶಟರ್ ಸೆಕೆಂಡಿನ 1/60 ಇಟ್ರೆ ಹನಿ ಗೆರೆಯಾಗ್ತದೆ, 1/1000ಕ್ಕೆ ಹೋದ್ರೆ ಹನಿ ನಿಲ್ತದೆ, ನನಗೆ ಗೆರೆಯೇ ಇಷ್ಟ. ರಾತ್ರಿ ಉಡುಪಿ ರಥಬೀದಿಯಲ್ಲಿ ಮಳೆ ಬಿಟ್ಟ ಕೂಡ್ಲೆ ಹೋದ್ರೆ ನೆಲದಲ್ಲಿ ಲೈಟೆಲ್ಲ ಉದ್ದಕ್ಕೆ ಇಳಿದಿರ್ತದೆ, ಅಲ್ಲಿ ಮೊಬೈಲನ್ನು ನೆಲಕ್ಕೆ ತಾಗಿಸಿ ತೆಗೆದದ್ದು ದೊಡ್ಡ ಕ್ಯಾಮೆರಾದ್ದಕ್ಕಿಂತ ಚೆಂದ ಬರ್ತದೆ, ಯಾಕಂದ್ರೆ ಮೊಬೈಲಿನ ಲೆನ್ಸ್ ನೆಲಕ್ಕೆ ಅಷ್ಟು ಹತ್ರ ಹೋಗ್ತದೆ.

ಇನ್ನು ಫಂಗಸ್. ವರ್ಷಕ್ಕೆ 4000 ಮಿ.ಮೀ. ಆಸುಪಾಸು ಮಳೆ ಬೀಳುವ ಊರು ಇದು, ಚಪ್ಪಲಿಗೇ ಬೂಸ್ಟು ಹಿಡೀತದೆ, ಲೆನ್ಸ್ ಬಿಡ್ತದಾ? ಲೆನ್ಸಿನ ಹಿಂದಿನಿಂದ ಟಾರ್ಚ್ ಹಾಕಿ ನೋಡಿ, ಒಳಗೆ ಜೇಡರ ಬಲೆಯ ಹಾಗೆ ಸಣ್ಣ ಎಳೆ ಕಂಡ್ರೆ ಅದೇ. ತುಂಬ ಜನ ಜೋಪಾನ ಅಂತ ಲೆದರ್ ಕೇಸಲ್ಲಿ ಹಾಕಿ ಕಪಾಟಿನ ಮೂಲೆಯಲ್ಲಿ ಇಡ್ತಾರೆ, ಫಂಗಸ್ಸಿಗೆ ಅದಕ್ಕಿಂತ ಒಳ್ಳೆ ಮನೆ ಇಲ್ಲ, ಕತ್ತಲೆ, ತೇವ, ಗಾಳಿ ಇಲ್ಲ. ರಬ್ಬರ್ ಸೀಲ್ ಇರುವ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವ ಅಳೆಯುವ ಒಂದು ಸಣ್ಣ ಹೈಗ್ರೋಮೀಟರ್, ತೇವಾಂಶ 40ರಿಂದ 50 ಪರ್ಸೆಂಟ್ ಒಳಗೆ ಇರ್ಬೇಕು, ಅಷ್ಟೇ. ನೀಲಿ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದ್ರೆ ಬಿಸಿ ಮಾಡಿ ಒಣಗಿಸಿ ವಾಪಸ್ ಹಾಕುದು, ಅಡುಗೆ ಪಾತ್ರೆಯಲ್ಲಿ ಮಾತ್ರ ಬೇಡ, ಮನೆಯಲ್ಲಿ ಯುದ್ಧ ಆಗ್ತದೆ. ಎಸಿ ಕಾರಿಂದ ಇಳಿದ ಕೂಡ್ಲೆ ಲೆನ್ಸ್ ಮಂಜು ಹಿಡಿಯುದಕ್ಕೆ ಬಟ್ಟೆ ಹಾಕಿ ಉಜ್ಜಿ ಪ್ರಯೋಜನ ಇಲ್ಲ, ಬ್ಯಾಗಿನ ಒಳಗೇ ಇಟ್ಟು ಹೊರಗಿನ ಬಿಸಿಗೆ ಬರುವ ತನಕ ಕಾಯಬೇಕು.

ಮಳೆಗಾಲದ ಕೊನೆಗೆ ವಿಟ್ಲಪಿಂಡಿ, ಉಡುಪಿ ಕೃಷ್ಣ ಮಠದಲ್ಲಿ ಅಷ್ಟಮಿಯ ಮರುದಿನದ ಉತ್ಸವ. ಚಾತುರ್ಮಾಸ್ಯದಲ್ಲಿ ಮಠದ ಉತ್ಸವ ಮೂರ್ತಿ ಹೊರಗೆ ಬರುದಿಲ್ಲ, ಹಾಗಾಗಿ ಮಣ್ಣಿನ ಕೃಷ್ಣನನ್ನು ಮಾಡಿ ರಥದಲ್ಲಿ ತರ್ತಾರೆ, ಆಮೇಲೆ ಮಧ್ವ ಸರೋವರದಲ್ಲಿ ಬಿಡ್ತಾರೆ. ಆ ರಶ್ಶಲ್ಲಿ ಎಲ್ಲರೂ ಕುಣಿಯುವ ಹುಲಿವೇಷದ ಹಿಂದೆ ಬೀಳ್ತಾರೆ, ನಾನು ಹೇಳುದು ಬಣ್ಣ ಹಾಕುವಲ್ಲಿಗೆ ಹೋಗಿ ಅಂತ. ಎರಡೂ ಕೈ ಚಾಚಿ ಕೋಲು ಹಿಡಿದು ಹುಡುಗರು ಗಂಟೆಗಟ್ಲೆ ನಿಲ್ತಾರೆ, ಮೊದಲು ಹಳದಿ, ಅದು ಒಣಗಬೇಕು, ಮಳೆಗಾಲ ಬೇರೆ, ಎದುರು ಒಂದು ಟೇಬಲ್ ಫ್ಯಾನ್, ಆಮೇಲೆ ಕಪ್ಪು ಪಟ್ಟೆ. ಒಬ್ಬನಿಗೆ ಮೂಗು ತುರಿಸ್ತದೆ, ಇನ್ನೊಬ್ಬ ಬಂದು ತುರಿಸಿ ಹೋಗ್ತಾನೆ. ಅಲ್ಲಿ ಫ್ಲಾಶ್ ಹೊಡೀಬೇಡಿ, ಹಸಿ ಪೈಂಟ್ ಮಿಂಚಿ ಹಾಳಾಗ್ತದೆ. ಎಲ್‌ಇಡಿ ಬಲ್ಬ್ ಇದ್ರೆ ಫೋಟೋದಲ್ಲಿ ಅಡ್ಡ ಪಟ್ಟೆ ಬೀಳುದುಂಟು, ನಮ್ಮ ಕರೆಂಟು 50 ಹರ್ಟ್ಸ್, ಲೈಟು ಸೆಕೆಂಡಿಗೆ 100 ಸಲ ಮಿನುಗ್ತದೆ, ಶಟರ್ 1/50 ಅಥವಾ 1/100 ಇಟ್ರೆ ಆ ಪಟ್ಟೆ ಹೋಗ್ತದೆ. ಹುಲಿಗೆ ಹುಲಿಯ ಪಟ್ಟೆ ಮಾತ್ರ ಸಾಕಲ್ವಾ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹಳ್ಳಿ ಕಡೆ ಮನೆ ಮನೆಗೆ ಬರುವ ಜಾನಪದ ವೇಷ ಆಟಿ ಕಳೆಂಜ ಈಗ ಕಮ್ಮಿಯಾಗ್ತಾ ಉಂಟು, ಸ್ಟೇಜಲ್ಲಿ ಬೇಕಾದಷ್ಟು ಸಿಗ್ತದೆ, ಆದ್ರೆ ನನಗೆ ಬೇಕಾದದ್ದು ಗದ್ದೆಯ ಹುಣಿಯ (ಬದುವಿನ) ಮೇಲೆ ಓಲೆ ಕೊಡೆ ಹಿಡಿದು ನಡೆದುಬರುದು. ಯಾವ ಊರಲ್ಲಿ ಈಗಲೂ ಬರ್ತದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಮಲ್ಪೆಗೆ ಹೋಗುವವರು ಹೊಸ ಬಲೆ ಹರಡಿದಲ್ಲಿ ಚಪ್ಪಲಿ ಹಾಕಿ ಮೆಟ್ಟಬೇಡಿ, ಹೆಂಗಸರ ಫೋಟೋ ಕೇಳದೆ ತೆಗೀಬೇಡಿ, ಯಾರಿಗಾದ್ರೂ ಫೋಟೋ ಕಳಿಸ್ತೇನೆ ಅಂತ ಹೇಳಿದ್ರೆ ಕಳಿಸಿ, ಮುಂದಿನ ಸಲ ಚಾ ಸಿಗ್ತದೆ. ನಾನು ಬರುವ ವಾರ ಹೆಬ್ರಿ ಮೇಲೆ ಆಗುಂಬೆಗೆ ಹೋಗ್ಬೇಕು ಅಂತಿದ್ದೇನೆ, ಘಾಟಿಯಲ್ಲಿ ಮಣ್ಣು ಜರಿದು ರೋಡ್ ಬಂದ್ ಆಗದಿದ್ರೆ.